ನಮ್ಮ ಮನೆ ಮುಂದೆ ಬೇಡವಾದ ತಿರುವು

ಆಳಂದದ ದೊಡ್ಡ ರಸ್ತೆಯನ್ನು ಅಗಲ ಮಾಡುವಾಗ ನಡುವೆ ಡಿವೈಡರ್ ಕಟ್ಟಿದರು. ಗಾಡಿಗಳು ತಿರುಗಲು ಒಂದು ಕಡೆ ಗ್ಯಾಪ್ ಬಿಡಬೇಕಿತ್ತು. ಅದಕ್ಕೆ ಸುಣ್ಣದ ಗುರುತು ಬಿದ್ದದ್ದು ಸರಿಯಾಗಿ ನಮ್ಮ ಮನೆ ಮುಂದೆ. ನಾನು ನಿವೃತ್ತ ಮಾಸ್ತರ. ಓಣಿಯವರ ಅರ್ಜಿಗಳನ್ನೆಲ್ಲ ಬರೆದು ಕೈ ಪಳಗಿದವನು. ಲಾರಿಗಳೆಲ್ಲ ನನ್ನ ಬಾಗಿಲಲ್ಲೇ ತಿರುಗಬೇಕೆ ಎಂದು ಸಿಟ್ಟು ನೆತ್ತಿಗೇರಿತು. ಎರಡು ಪುಟ ಗೀಚಿ, ನಾಲ್ಕು ಮನೆಯವರ ಸಹಿ ಹಾಕಿಸಿ ರಸ್ತೆ ಕೆಲಸದ ಇಂಜಿನಿಯರನ ಕೈಗೆ ಕೊಟ್ಟೆ.

“ಯಾರದರ ಮನಿ ಮುಂದ ಬರಬೇಕಲ್ರಿ ಮಾಸ್ತರ?” ಎಂದ ಇಂಜಿನಿಯರ್.

“ಇನ್ನಷ್ಟು ದೂರ ಎಲ್ಲ್ಯಾರ ಹಾಕ್ರಿ.”

ಹಾಕಿದರು. ರಸ್ತೆಯ ಆಚೆ ಬದಿಯಲ್ಲಿ, ನಾಲ್ಕು ನಿಮಿಷದ ನಡಿಗೆಯಲ್ಲಿರುವ ನನ್ನ ಅಕ್ಕನ ಬಾಗಿಲಿಗೆ.

ಮೊದಲು ಸಂಜೆಯಾದರೆ ಅವಳ ಕೈಯ ರೊಟ್ಟಿ ತಿನ್ನಲು ನಡೆದೇ ಹೋಗುತ್ತಿದ್ದೆ. ಈಗ ಬದಿಗೆ ಕಾಲಿಡಲು ಜಾಗವಿಲ್ಲ, ಡಾಂಬರು ಮುಗಿದಲ್ಲಿ ಗಟಾರ ಶುರು. ಹಾಲು ತರಲೂ ಓಣಿಯವರು ಮೋಟಾರ್‌ಸೈಕಲ್ ಹತ್ತುತ್ತಾರೆ. ನಾನೂ ಸ್ಕೂಟರ್ ಕೊಂಡೆ. ಲಾರಿಗಳ ಬೆನ್ನು ಹಿಡಿದು ಅಕ್ಕನ ಬಾಗಿಲಲ್ಲೇ ತಿರುಗಿ, ನನ್ನ ಪಾಲಿನ ಹೊಗೆಯನ್ನೂ ಬಿಟ್ಟು ಒಳಗೆ ಹೋಗುತ್ತೇನೆ.

ತೊಗರಿ ಸುಗ್ಗಿಯಲ್ಲಿ ಲಾರಿಗಳು ಒಂದೇ ಸಲಕ್ಕೆ ತಿರುಗುವುದಿಲ್ಲ. ಹಿಂದೆ ಮುಂದೆ ಮಾಡುತ್ತ ಕಪ್ಪು ಹೊಗೆ ಕಾರುತ್ತವೆ. ಅಕ್ಕನಿಗೆ ಮೊದಲೇ ದಮ್ಮು. ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಗಾಳಿಯಿಲ್ಲ. ಮುಚ್ಚಿಕೊಂಡೇ ಇರುತ್ತಾಳೆ.

ಒಂದು ಬೆಳಿಗ್ಗೆ ಹೋದಾಗ ಲಿಂಗಪೂಜೆಗೆ ಕೂತಿದ್ದಳು. ಎಡ ಅಂಗೈಯಲ್ಲಿ ಇಷ್ಟಲಿಂಗ. ಕೆಮ್ಮು ಬಂದು ಅಂಗೈ ನಡುಗಿತು. ಲಿಂಗ ಜಾರೀತೆಂದು ಬಲಗೈಯಿಂದ ಮಣಿಕಟ್ಟು ಒತ್ತಿ ಹಿಡಿದಳು. ಕೆಮ್ಮು ನಿಲ್ಲಲಿಲ್ಲ. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ಎದ್ದುಬಿಟ್ಟಳು. ಆಯುಷ್ಯದಲ್ಲಿ ಪೂಜೆಯನ್ನು ಅರ್ಧಕ್ಕೆ ಬಿಟ್ಟವಳಲ್ಲ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ತಮ್ಮಾ, ಈ ಗ್ಯಾಪ್ ಮುಚ್ರಿ ಅಂತ ಒಂದ ಅರ್ಜಿ ಬರದು ಕೊಡೋ,” ಎಂದಳು. “ನಿನ್ನ ಮನಿ ಮುಂದ ಹಾಕಲಿ. ಬ್ಯಾರೆಯವರಾದ್ರ ತಕರಾರ ಮಾಡ್ತಾರ. ನೀ ಬ್ಯಾಡ ಅನ್ನಂಗಿಲ್ಲ.”

“ಅಕ್ಕಾ, ಬ್ಯಾಡ ಅಂದಾಂವ ನಾನೇ.”

ಒಳಗಿಂದ ಒಂದು ಹಾಳೆ ತಂದು ನನ್ನ ಮುಂದಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

“ಹಂಗಾರ ಈಗ ಬೇಕು ಅಂತ ಬರಿ.”

ಬರೆದೆ. ಇಂಜಿನಿಯರ್ ಓದಿ ನಕ್ಕ. “ಒಮ್ಮಿ ಸಿಮೆಂಟ್ ಬಿದ್ಮ್ಯಾಲ ಮುಗೀತ್ರಿ ಮಾಸ್ತರ. ಇನ್ನ ಆಗಂಗಿಲ್ಲ.”

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು, ಮೂಗಿಗೆ ಸೆರಗು ಹಿಡಿದು.

“ಏನಂದ್ರೋ?”

“ನೋಡ್ತೇವಿ ಅಂದಾರ,” ಎಂದುಬಿಟ್ಟೆ.

ಅವಳ ಮುಖ ಅರಳಿತು. “ಹಂಗಾರ ನರೋಣಾ ಊರಿಗೆ ಮಗಳ ಮನಿಗೆ ಹೋಗೂದು ಬ್ಯಾಡ ಬಿಡು. ಗಂಟು ಕಟ್ಟಿ ಇಟ್ಟಿದ್ನಿ,” ಎಂದು ಒಳಗೆ ಹೋಗಿ ಗಂಟು ಬಿಚ್ಚತೊಡಗಿದಳು. ಬಿಗಿಯಾಗಿದ್ದ ಕೊನೆಯ ಗಂಟನ್ನು ನಾನೇ ಬಿಚ್ಚಿಕೊಟ್ಟೆ.