ಲಾಭದ ಗೀಟು

ನಾನು ಜೀವನದಲ್ಲಿ ಒಂದೇ ಒಂದು ಸಲ ಓಡಿದ್ದೇನೆ. ಅದೂ ಮಾಲೂರು ಸ್ಟೇಷನ್ನಿನಲ್ಲಿ, ಹೊರಟುಬಿಟ್ಟಿದ್ದ ರೈಲಿನ ಹಿಂದೆ. ಹತ್ತಿ ಕೂತು ಬೆವರು ಒರೆಸಿಕೊಂಡ ಮೇಲೆ ತಿಳಿಯಿತು, ನಾನು ಹೋಗಬೇಕಾಗಿದ್ದದ್ದು ಬೆಂಗಳೂರಿಗೆ, ರೈಲು ಹೊರಟಿದ್ದು ಅದರ ಎದುರು ದಿಕ್ಕಿಗೆ. ಟೇಕಲ್ಲಿನಲ್ಲಿ ಇಳಿದು, ಅಲ್ಲಿನ ಬೆಟ್ಟವನ್ನು ಎರಡು ಗಂಟೆ ಕಾಲ ನೋಡುತ್ತ ಕೂತು, ವಾಪಸು ಬಂದೆ. ಅವಸರದಲ್ಲಿ ಓಡಿದವನು ಎಲ್ಲಿಗೆ ತಲುಪುತ್ತಾನೆ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಕಾಗಲಿಲ್ಲ. ಆಮೇಲೆ ನಾನು ಓಡಿಲ್ಲ.

ಇಂಥವನು ಇಪ್ಪತ್ತು ವರ್ಷಗಳಿಂದ ಓಟದ ಮೈದಾನದಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುವ ಅಧಿಕಾರಿ ಎಂದರೆ ನಿಮಗೆ ನಗು ಬರಬಹುದು. ನನ್ನ ಹೆಂಡತಿಗಂತೂ ಇಪ್ಪತ್ತು ವರ್ಷಗಳಿಂದ ಬರುತ್ತಲೇ ಇದೆ. ಆದದ್ದಿಷ್ಟೇ: ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ದೂರದ ಓಟದಲ್ಲಿ ಎಷ್ಟು ಸುತ್ತಾಯಿತು ಎಂದು ಎಣಿಸುವುದಕ್ಕೆ ಒಬ್ಬರು ಬೇಕಾಗಿದ್ದರು. ಎಣಿಸುವುದೆಂದರೆ ಲೆಕ್ಕ, ಲೆಕ್ಕವೆಂದರೆ ಲೆಕ್ಕದ ಮೇಷ್ಟ್ರು ಎಂದು ನಮ್ಮ ಡ್ರಿಲ್ ಮೇಷ್ಟ್ರು ವೆಂಕಟೇಶಪ್ಪ ತೀರ್ಮಾನಿಸಿ ನನ್ನನ್ನು ಕೋಲಾರದ ಮೈದಾನಕ್ಕೆ ಎಳೆದುಕೊಂಡು ಹೋದರು. ವೆಂಕಟೇಶಪ್ಪ ಮುಳಬಾಗಿಲಿನ ಕಡೆಯವರು. ಕನ್ನಡದಲ್ಲಿ ಶುರುವಾದ ವಾಕ್ಯವನ್ನು ತೆಲುಗಿನಲ್ಲಿ ಮುಗಿಸಿ, ನಡುವೆ ಎಲ್ಲಾದರೂ ಒಂದು ಕಡೆ ತಮ್ಮೂರಿನ ದೋಸೆಯನ್ನು ಹೊಗಳದಿದ್ದರೆ ಅವರಿಗೆ ಮಾತಾಡಿದ ಹಾಗೇ ಆಗುವುದಿಲ್ಲ.

ಹತ್ತು ಸಾವಿರ ಮೀಟರ್ ಎಂದರೆ ನಾನೂರು ಮೀಟರಿನ ಮೈದಾನಕ್ಕೆ ಇಪ್ಪತ್ತೈದು ಸುತ್ತು. ನೂರು ಮೀಟರ್ ಓಟಕ್ಕೆ ಜನ ಮುಗಿಬೀಳುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುವುದನ್ನು ನೋಡಲು ನಮಗೆ ಯಾವತ್ತೂ ಪುರುಸೊತ್ತಿದೆ. ಇಪ್ಪತ್ತೈದು ಸುತ್ತನ್ನು ಯಾರು ನೋಡುತ್ತಾರೆ? ಮೂರನೇ ಸುತ್ತಿಗೆ ಜನ ಟೀ ಕುಡಿಯಲು ಹೋಗುತ್ತಾರೆ. ಹತ್ತನೇ ಸುತ್ತಿಗೆ ಬಂದು, "ಇನ್ನೂ ಮುಗ್ದಿಲ್ವಾ?" ಎಂದು ನನ್ನ ಮೇಲೆ ರೇಗುತ್ತಾರೆ, ಓಡಿಸುತ್ತಿರುವವನು ನಾನೇ ಎಂಬಂತೆ. ಅಷ್ಟು ಹೊತ್ತಿಗೆ ಮೈದಾನದ ನಡುವೆ ಕ್ರಿಕೆಟ್ಟು ಶುರುವಾಗಿರುತ್ತದೆ. ಚೆಂಡು ಟ್ರ್ಯಾಕಿಗೆ ಉರುಳಿ ಬಂದರೆ, ಏದುಸಿರು ಬಿಡುತ್ತ ಓಡುವವರನ್ನೇ ಕರೆದು, "ಅಕ್ಕಾ, ಸ್ವಲ್ಪ ಚೆಂಡು ಎಸೀರಿ" ಎಂದು ಕೇಳುವ ಮಹಾನುಭಾವರೂ ಇದ್ದಾರೆ. ಎಸೆದು ಓಡಿದವರನ್ನೂ ನಾನು ನೋಡಿದ್ದೇನೆ.

ನಮ್ಮ ಶಿವಾರಪಟ್ಟಣದ ಶಿಲ್ಪಿಗಳು ಕಲ್ಲಿನಲ್ಲಿ ಯಾವ ದೇವರನ್ನು ಬೇಕಾದರೂ ಕಡೆದು ಕೊಡುತ್ತಾರೆ. ಕೂತ ದೇವರು, ನಿಂತ ದೇವರು, ಮಲಗಿದ ದೇವರು, ಕುಣಿಯುವ ದೇವರು, ಎಲ್ಲ ಇವೆ. ಓಡುವ ದೇವರನ್ನು ಮಾತ್ರ ನಾನು ಕಾಣೆ. ಆಂಜನೇಯ ಕೂಡ ಸಮುದ್ರವನ್ನು ಹಾರಿದ. ದಂಡೆ ಹಿಡಿದು ಸುತ್ತಿ ಓಡಿಹೋಗಿದ್ದರೆ ಗುಡಿ ಕಟ್ಟುತ್ತಿದ್ದೆವೋ ಇಲ್ಲವೋ. ಹಿಂದೆ ರಾಜರ ಓಲೆ ಹೊತ್ತು ಊರಿಂದೂರಿಗೆ ಓಡುತ್ತಿದ್ದವರಿಗೆ ಹರಿಕಾರರು ಎನ್ನುತ್ತಿದ್ದರು. ಈಗ ಭಾಷಣ ಮಾಡುವವರೆಲ್ಲ ಒಂದಲ್ಲ ಒಂದರ ಹರಿಕಾರರು. ಪದವಿ ವೇದಿಕೆ ಹತ್ತಿತು, ಓಡುವವರು ಮಾತ್ರ ಧೂಳಿನಲ್ಲೇ ಉಳಿದರು.

ಆದರೂ ಓಡುತ್ತಾರಲ್ಲ! ಅದೇ ನನಗೆ ಇಪ್ಪತ್ತು ವರ್ಷದಿಂದ ಬಿಡಿಸಲಾಗದ ಲೆಕ್ಕ. ಟೇಕಲ್ಲಿನವರು ರೈಲು ಹಳಿಯ ಪಕ್ಕದ ಮಣ್ಣು ದಾರಿಯಲ್ಲಿ ಓಡುತ್ತಾರೆ. ಕೋಲಾರದವರು ಅಂತರಗಂಗೆಯ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಶ್ರೀನಿವಾಸಪುರದವರು ಮಾವಿನ ತೋಪುಗಳ ಬದಿಯಲ್ಲಿ ಓಡುತ್ತಾರೆ. ಹಿಂದೆ ಬೀಳುವ ತೋಪಿನ ನಾಯಿಗಳೇ ಅವರ ಕೋಚು. ಬೆಳಿಗ್ಗೆ ಎದ್ದು ಒಂದು ಚೊಂಬು ರಾಗಿ ಅಂಬಲಿ ಕುಡಿದು ಓಡಿ, ಆಮೇಲೆ ಹೊಲಕ್ಕೋ ಫ್ಯಾಕ್ಟರಿಗೋ ಹೋಗುವ ಜನ ಇವರು. ಇವರ ಮೇಲೆ ನನಗೆ ಪ್ರೀತಿ. ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ, ನನ್ನ ವಿದ್ಯಾರ್ಥಿಗಳ ಮೇಲಿರುವುದಕ್ಕಿಂತ ಒಂದು ಹಿಡಿ ಹೆಚ್ಚು ಪ್ರೀತಿ. ಇವರು ನನ್ನನ್ನು ಯಾವ ಪ್ರಶ್ನೆಯನ್ನೂ ಕೇಳದೆ ಸುಮ್ಮನೆ ಓಡುತ್ತಾರೆ.

ಅವರಲ್ಲೊಬ್ಬಳು ಪವಿತ್ರ. ಶ್ರೀನಿವಾಸಪುರದ ಪಕ್ಕದ ಹಳ್ಳಿಯವಳು, ಡಿಗ್ರಿ ಮುಗಿಸಿದ ಹುಡುಗಿ. ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಓಡಿ ಮುಗಿಸಿ, ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹುಳುವಿಗೆ ಹಾಕುವುದು ಅವಳ ದಿನಚರಿ. ಅವಳ ತಾಯಿ ಮುನಿವೆಂಕಟಮ್ಮ ಪ್ರತಿ ಓಟಕ್ಕೂ ಮಗಳ ಜೊತೆ ಬಸ್ಸು ಹತ್ತಿ ಬರುವಾಕೆ, ಓಟ ಮುಗಿಯುವ ಗೆರೆಯ ಪಕ್ಕದ ಹುಣಸೆ ಮರದ ಕೆಳಗೆ ಕೂರುವಾಕೆ. ಇಪ್ಪತ್ತೈದು ಸುತ್ತನ್ನೂ ಕಣ್ಣು ಕೀಳದೆ ನೋಡುವ ಏಕೈಕ ಪ್ರೇಕ್ಷಕಿ.

ಆಯ್ಕೆಯ ಓಟಕ್ಕೆ ಒಂದು ಸಮಯ ಗೊತ್ತುಮಾಡಿರುತ್ತಾರೆ. ಅದರೊಳಗೆ ಓಡಿ ಮುಗಿಸಿದವರಿಗೆ ಬೆಂಗಳೂರಿನ ತರಬೇತಿ ಶಿಬಿರ. ಉಳಿದವರಿಗೆ ಬಂದ ದಾರಿ. ಪವಿತ್ರ ಎರಡು ವರ್ಷ ಸೋತಿದ್ದಳು. ಒಂದು ವರ್ಷ ಜ್ವರ, ಇನ್ನೊಂದು ವರ್ಷ ಒಂದು ಉಸಿರಿನಷ್ಟು ತಡ. ಈ ವರ್ಷ ಓಟಕ್ಕೆ ಮುಂಚೆ ನನ್ನ ಹತ್ತಿರ ಬಂದು, "ಇದೇ ಕೊನೆ ಸಾರ್. ಈ ಸಲನೂ ಆಗಿಲ್ಲ ಅಂದ್ರೆ ಶೂ ತೊಳೆದು ಅಟ್ಟಕ್ಕೆ ಹಾಕ್ತೀನಿ" ಎಂದಳು. ನಗುತ್ತಲೇ ಅಂದಳು. ಆದರೆ ಶೂಗೆ ಹಾಕಿದ ಗಂಟನ್ನು ಮೂರು ಸಲ ಬಿಚ್ಚಿ ಕಟ್ಟಿದಳು.

ಇಲ್ಲಿ ನನ್ನ ಇಪ್ಪತ್ತು ವರ್ಷದ ಗುಟ್ಟೊಂದನ್ನು ಹೇಳಬೇಕು. ಹೆಸರಿಗೆ ಎಣಿಸುವವನು ನಾನು. ನಿಜವಾಗಿ ಎಣಿಸುವವರು ವೆಂಕಟೇಶಪ್ಪ. ಮುಂದಿರುವವರು ಗೆರೆ ದಾಟಿದಾಗಲೆಲ್ಲ ಅವರು ಕೂಗಿ ಹೇಳಿ ಕಾಗದದ ಮೇಲೆ ಒಂದು ಗೀಟು ಎಳೆಯುತ್ತಾರೆ. ಇನ್ನೆಷ್ಟು ಸುತ್ತು ಉಳಿಯಿತು ಎಂದು ತೋರಿಸುವ ಹಲಗೆಯ ಅಂಕಿ ಬದಲಿಸುವುದು, ಕೊನೆಯ ಸುತ್ತಿಗೆ ಗಂಟೆ ಬಾರಿಸುವುದು, ಇಷ್ಟೇ ನನ್ನ ಕೆಲಸ. ವೆಂಕಟೇಶಪ್ಪ ಎಣಿಸುವುದು ಕಣದಲ್ಲಿ ರಾಗಿ ಅಳೆಯುವ ಕ್ರಮದಲ್ಲಿ. ನಮ್ಮ ಕಡೆ ಮೊದಲನೇ ಅಳತೆಗೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ. ಓಟದ ಸುತ್ತಿಗೂ ಅವರದು ಅದೇ ಲೆಕ್ಕ.

ಆ ದಿನ ಓಟ ಶುರುವಾಯಿತು. ಪವಿತ್ರ ಮುಂದೆ, ಐದು ಜನ ಹಿಂದೆ. ಮೊದಲನೇ ಸುತ್ತು ಮುಗಿಯುವುದಕ್ಕೂ ವೆಂಕಟೇಶಪ್ಪನವರ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. "ಲಾಭ ಆಯ್ತು ಮೇಷ್ಟ್ರೇ, ನೋಡ್ಕೊಂಡಿರಿ, ಇಪ್ಪುಡೇ ವಸ್ತಾ" ಎಂದು, ಗೀಟು ಎಳೆಯದೆಯೇ ಪೆನ್ನನ್ನು ನನ್ನ ಕೈಗಿಟ್ಟು ಹೋದರು. ನಾನು ಮಾಲೂರು ಪೇಟೆಯಲ್ಲಿ ಹುಟ್ಟಿದವನು, ರಾಗಿಯನ್ನು ಕಿಲೋ ಲೆಕ್ಕದಲ್ಲಿ ತಂದು ತಿಂದವನು. ಇಪ್ಪತ್ತು ವರ್ಷ ಅವರು ಹೇಳಿದ ಅಂಕಿಯನ್ನು ಹಲಗೆಗೆ ಹಾಕಿದ್ದೆನೇ ಹೊರತು ಲಾಭ ಎಂದರೇನು ಎಂದು ಯೋಚಿಸಿರಲಿಲ್ಲ. ಪೆನ್ನು ಹಿಡಿದಾಗ ನನಗೆ ಹೊಳೆದದ್ದೇನೆಂದರೆ, ಲಾಭ ಎಂದರೆ ಶುಭಾರಂಭ, ತೆಂಗಿನಕಾಯಿ ಒಡೆದ ಹಾಗೆ; ಎಣಿಕೆ ಇನ್ನು ಮೇಲೆ. ಗಣಿತದ ಮೇಷ್ಟ್ರ ಬುದ್ಧಿ ನೋಡಿ, ಲಾಭವನ್ನು ಸೊನ್ನೆ ಮಾಡಿದೆ. ಮುಂದಿನ ಸುತ್ತಿಗೆ ಮೊದಲನೇ ಗೀಟು ಎಳೆದೆ.

ಹಾಗೇ ಎಳೆಯುತ್ತ ಹೋದೆ. ಇಪ್ಪತ್ನಾಲ್ಕು ಗೀಟಾದಾಗ ಬಲು ಗತ್ತಿನಿಂದ ಕೊನೆಯ ಸುತ್ತಿನ ಗಂಟೆ ಬಾರಿಸಿದೆ. ಹುಣಸೆ ಮರದ ಕೆಳಗಿಂದ ಮುನಿವೆಂಕಟಮ್ಮ ಎದ್ದು ಓಡುತ್ತ ಬಂದರು. ಅವರ ಎಡಗೈ ಬರಿದು, ಬಲಗೈ ಮುಷ್ಟಿಯ ತುಂಬ ಹುಣಸೆ ಬೀಜ.

"ಮುಗೀತಲ್ವಾ ಸಾರ್? ಇನ್ನೂ ಯಾಕೆ ಓಡಿಸ್ತಾ ಇದೀರ ನನ್ ಮಗಳ್ನ?"

"ಇನ್ನೊಂದು ಸುತ್ತಿದೆ ಕಣಮ್ಮ."

"ಇಲ್ಲ ಸಾರ್. ಲಾಭದಿಂದ ಹಿಡಿದು ಇಪ್ಪತ್ತೈದು ಬೀಜ ಆಯ್ತು, ನೋಡಿ."

ಆಗ ನಾನು ಆಡಿದ ಮಾತು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. "ಸುಮ್ನಿರಮ್ಮ, ನಾನು ಲೆಕ್ಕದ ಮೇಷ್ಟ್ರು" ಎಂದೆ.

ಪವಿತ್ರ ಮುಗಿಸಿದಳು, ಗಡಿಯಾರ ನಿಂತಿತು. ಗೊತ್ತುಮಾಡಿದ ಸಮಯಕ್ಕಿಂತ ತಡ. ಅವಳು ಯಾರ ಮುಖವನ್ನೂ ನೋಡದೆ ನೇರ ಹುಣಸೆ ಮರದ ಕೆಳಗೆ ಹೋಗಿ ಕೂತು ಶೂ ಬಿಚ್ಚತೊಡಗಿದಳು. ಅಷ್ಟರಲ್ಲಿ ವೆಂಕಟೇಶಪ್ಪ ಬಾಯಿ ಒರೆಸಿಕೊಳ್ಳುತ್ತ ಬಂದರು. ಫೋನು ಹಿಡಿದು ಹೋದವರು ದೋಸೆ ತಿಂದು ಬಂದಿದ್ದರು. ನನ್ನ ಕಾಗದವನ್ನು ನೋಡಿದರು, ತಿರುಗಿಸಿ ಹಿಂದುಗಡೆಯೂ ನೋಡಿದರು.

"ಲಾಭ ಎಕ್ಕಡ ಮೇಷ್ಟ್ರೇ? ಲಾಭದ ಗೀಟು ಎಲ್ಲಿ?"

ಅಯ್ಯೋ ದೇವರೇ! ಇಪ್ಪತ್ತಾರು ಸುತ್ತು ಓಡಿಸಿದ್ದೆ. ಅವಳಿಗೆ ಆದ ತಡ ಒಂದು ಸುತ್ತಿಗೆ ಹಿಡಿಯುವ ಹೊತ್ತಿಗಿಂತ ಚೂರು ಕಮ್ಮಿಯೇ. ಅಂದರೆ ಹುಡುಗಿ ಗೆದ್ದಿದ್ದಳು. ಗೆದ್ದ ಗಳಿಗೆಯಲ್ಲಿ ನಾನು ಗಂಟೆ ಬಾರಿಸಿ ಮತ್ತೆ ಓಡಿಸಿದ್ದೆ. ಆ ಗಳಿಗೆಯ ಸಮಯವನ್ನು ಯಾರೂ ಬರೆದುಕೊಂಡಿರಲಿಲ್ಲ. ಒಂದು ಕ್ಷಣ, ಸುಳ್ಳು ಯಾಕೆ ಹೇಳಲಿ, ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳೋಣ ಎನಿಸಿತು. ಹುಣಸೆ ಬೀಜದ ಮಾತನ್ನು ಯಾರು ನಂಬುತ್ತಾರೆ? ನಂಬುವುದಿಲ್ಲ ಎಂದು ಹೊಳೆದ ಕೂಡಲೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಜೀವನದಲ್ಲಿ ಎರಡನೇ ಸಲ ಓಡಿದೆ ಎಂದು ಹೇಳಬಹುದೋ ಏನೋ, ಅಷ್ಟು ಬೇಗ ಆ ಮರದ ಹತ್ತಿರ ಹೋದೆ.

"ತಪ್ಪು ನನ್ನದು ಕಣಮ್ಮ" ಎಂದು ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಪವಿತ್ರ ಕೈಯಲ್ಲಿ ಒಂದು ಶೂ ಹಿಡಿದು ನನ್ನನ್ನೇ ನೋಡಿದಳು.

"ನಂಗೂ ಅನುಮಾನ ಬಂತು ಸಾರ್. ಆದ್ರೆ ಗಂಟೆ ಹೊಡೆದ ಮೇಲೆ ಓಡ್ಬೇಕಲ್ವಾ?" ಆಮೇಲೆ ಕಣ್ಣು ಒರೆಸಿಕೊಂಡು ನಕ್ಕಳು. "ಹತ್ತು ಕಿಲೋಮೀಟರಿಗೆ ಒಂದು ಸುತ್ತು ಕೊಸರು ಹಾಕ್ಸಿಬಿಟ್ರಲ್ಲ!"

ಸಂತೆಯಲ್ಲಿ ತರಕಾರಿ ತೂಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಕೇಳುತ್ತೇವಲ್ಲ, ಆ ಕೊಸರು. ಆ ಮಾತಿಗೆ ಅವಳ ತಾಯಿಯೂ ನಕ್ಕರು, ನಾನು ಮಾತ್ರ ಅತ್ತುಬಿಟ್ಟೆ. ನನ್ನ ವಯಸ್ಸಿನ ಮೇಷ್ಟ್ರು ಮೈದಾನದಲ್ಲಿ ಅಳುವುದು ನೋಡಲು ಚೆನ್ನಾಗಿರುವುದಿಲ್ಲ ಎಂದು ವೆಂಕಟೇಶಪ್ಪ ಟವೆಲ್ ಕೊಟ್ಟರು.

ಆಯ್ಕೆದಾರರ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ಅವರು ತಮ್ಮತಮ್ಮಲ್ಲಿ ಮಾತಾಡಿಕೊಂಡು, ಮುಂದಿನ ಭಾನುವಾರ ಇಷ್ಟ ಇದ್ದವರು ಮತ್ತೆ ಓಡಲಿ ಎಂದರು. ಮುನಿವೆಂಕಟಮ್ಮನವರ ಮುಖ ಬಾಡಿತು. ಅವರ ಮನೆಯ ಹುಳು ನಾಲ್ಕನೇ ಜ್ವರ, ಎಂದರೆ ಪೊರೆ ಬಿಡಲು ಮಲಗುವ ಕೊನೆಯ ನಿದ್ದೆ, ಮುಗಿಸಿ ಆಗತಾನೇ ಎದ್ದಿತ್ತು. ಅಂದರೆ ಇನ್ನೊಂದು ವಾರ ರಾತ್ರಿ ಹಗಲು ಸೊಪ್ಪು ತಿನ್ನುತ್ತದೆ, ಸರಿಯಾಗಿ ಮುಂದಿನ ಭಾನುವಾರದ ಹೊತ್ತಿಗೆ ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರು ತಟ್ಟೆಗೆ ಬಿಡಬೇಕು. ಅವತ್ತು ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು. ಆ ವಾರವೆಲ್ಲ ಪವಿತ್ರ ಸೊಪ್ಪು ಹೊತ್ತಳು. ನಾನು ಮಾಲೂರಿನಲ್ಲಿ ಕೂತು, ನನ್ನ ಒಂದು ಗೀಟಿನಿಂದಾಗಿ ಒಂದು ಮನೆಯವರು ಪಡುತ್ತಿರುವ ಪಾಡನ್ನು ನೆನೆದು ಸರಿಯಾಗಿ ಊಟ ಮಾಡಲಿಲ್ಲ. ಹೆಂಡತಿ ಇದಕ್ಕೆ ಮಾತ್ರ ನಗಲಿಲ್ಲ.

ಭಾನುವಾರ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಬಸ್ಸಿಂದ ಇಳಿದರು. "ಹುಳು?" ಎಂದು ಕೇಳಿದೆ. "ಅಕ್ಕಪಕ್ಕದೋರು ಆರಿಸ್ತಾ ಇದಾರೆ ಸಾರ್. ಬೇಗ ಮುಗಿಸಿ, ಹೋಗ್ಬೇಕು" ಎಂದರು ಮುನಿವೆಂಕಟಮ್ಮ, ಬೇಗ ಮುಗಿಸುವುದು ನನ್ನ ಕೈಯಲ್ಲಿದೆ ಎಂಬಂತೆ. ನಾನು ನನ್ನ ಕುರ್ಚಿಯನ್ನು ಅವರಿಗೆ ಕೊಟ್ಟೆ. ಬೇಡ ಬೇಡ ಎಂದರು. ವೆಂಕಟೇಶಪ್ಪ, "ಕೂತ್ಕೋಮ್ಮಾ, ಫರವಾಗಿಲ್ಲ. ಈ ಮನುಷ್ಯನಿಗೆ ಎಣಿಸೋಕೆ ಬರೋದಿಲ್ಲ" ಎಂದು ಶಿಫಾರಸು ಮಾಡಿದ ಮೇಲೆ ಕೂತರು. ಅವತ್ತು ವೆಂಕಟೇಶಪ್ಪ ಫೋನನ್ನು ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿ ಬೀಗ ಹಾಕಿದ್ದರು.

ಓಡಲು ಬಂದವರು ಮೂರೇ ಜನ. ಪವಿತ್ರ ಮೊದಲನೇ ಸುತ್ತು ಮುಗಿಸಿ ಗೆರೆ ದಾಟಿದಳು. ತಾಯಿಯ ಎಡಗೈಯಿಂದ ಬಲಗೈಗೆ ಒಂದು ಬೀಜ ಹೋಯಿತು.

"ಲಾಭ" ಎಂದರು.

ನಾನು ಕಾಗದ ಹರಿಯುವಷ್ಟು ಒತ್ತಿ ಗೀಟು ಎಳೆದೆ.

ಹದಿನೆಂಟನೇ ಸುತ್ತಿಗೆ ಪವಿತ್ರಳ ಹೆಜ್ಜೆ ಭಾರವಾಯಿತು. ವಾರವಿಡೀ ಹೊತ್ತ ಸೊಪ್ಪೆಲ್ಲ ಅವಳ ಕಾಲಿಗೆ ಇಳಿದಿತ್ತು. ಗಡಿಯಾರ ನೋಡಿದವರು ತಲೆ ಆಡಿಸಿದರು. ನಾನು ಗೊತ್ತಿರುವ ದೇವರಿಗೆಲ್ಲ ಕೈ ಮುಗಿದೆ, ಓಡದ ದೇವರಿಗೂ. ತಾಯಿ ಮಾತ್ರ ಗಡಿಯಾರದ ಕಡೆ ತಿರುಗಿಯೂ ನೋಡಲಿಲ್ಲ. ಪ್ರತಿ ಸುತ್ತಿಗೂ ಒಂದು ಬೀಜ, ಬಾಯಲ್ಲಿ ಒಂದು ಅಂಕಿ, ಅಷ್ಟೇ. ಇಪ್ಪತ್ನಾಲ್ಕನೆಯದಾದಾಗ ನಾನು ಗಂಟೆಯನ್ನು ಅವರ ಕೈಗೆ ಕೊಟ್ಟೆ. ಮುನಿವೆಂಕಟಮ್ಮ ಬೀಜಗಳನ್ನು ಸೆರಗಿಗೆ ಸುರಿದುಕೊಂಡು ಎರಡೂ ಕೈಯಿಂದ ಆ ಗಂಟೆಯನ್ನು ಬಾರಿಸಿದರು ನೋಡಿ, ಮೈದಾನದ ನಡುವೆ ಕ್ರಿಕೆಟ್ ಆಡುತ್ತಿದ್ದವರು ಆಟ ನಿಲ್ಲಿಸಿ ತಿರುಗಿದರು. ಹುಡುಗಿ ಅದೆಲ್ಲಿ ಬಚ್ಚಿಟ್ಟುಕೊಂಡಿದ್ದಳೋ ಆ ಕಾಲನ್ನು, ಹಾರಿದಳು. ಬ್ಯಾಟು ಹಿಡಿದವರೆಲ್ಲ, "ಬಾ ಅಕ್ಕಾ, ಬಾ ಬಾ!" ಎಂದು ಕೂಗಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹತ್ತು ಸಾವಿರ ಮೀಟರಿಗೆ ಜನ ಕೂಗಿದ್ದು ಕೇಳಿದೆ. ಗಡಿಯಾರ ನಿಂತಾಗ ಇನ್ನೂ ನಾಲ್ಕು ಸೆಕೆಂಡು ಉಳಿದಿತ್ತು. ಮಗಳು ಬಂದು ತಾಯಿಯ ಹೆಗಲ ಮೇಲೆ ಬಿದ್ದಳು. ತಾಯಿ ಅವಳ ಬೆನ್ನು ಸವರಿ, "ಸರಿ ಕಣೇ, ನಡಿ, ಹುಳು ಕಾಯ್ತಾ ಇದಾವೆ" ಎಂದರು.

ಈಗ ಪವಿತ್ರ ಬೆಂಗಳೂರಿನ ಶಿಬಿರದಲ್ಲಿದ್ದಾಳೆ. ಮೊನ್ನೆ ಮುನಿವೆಂಕಟಮ್ಮ ಫೋನು ಮಾಡಿದ್ದರು. "ಅಲ್ಲಿ ಸುತ್ತು ಎಣಿಸೋಕೆ ಮಿಷನ್ ಇಟ್ಟಿದಾರಂತೆ ಸಾರ್. ಅದಕ್ಕೆ ಲಾಭ ಅನ್ನೋದು ಗೊತ್ತೋ ಇಲ್ವೋ, ಒಸಿ ವಿಚಾರಿಸಿ" ಎಂದರು. ವಿಚಾರಿಸುತ್ತೇನೆ ಎಂದೆ. ಮಿಷನ್ನಿಗೆ ಗೊತ್ತಿರಲಿಕ್ಕಿಲ್ಲ. ಲೆಕ್ಕ ಕಲಿತವರಿಗೇ ಗೊತ್ತಿರಲಿಲ್ಲ. ಕಣದಲ್ಲಿ ಕೂತು ಅಳೆದ ನಮ್ಮ ಹಿರಿಯರು, ಇನ್ನೆಷ್ಟು ಕೊಳಗ ಆಗುತ್ತದೋ ಆಗಲಿ, ಮೊದಲನೆಯದು ಕೈಗೆ ಬಂತಲ್ಲ, ಅದೇ ಲಾಭ ಎಂದುಕೊಂಡಿರಬೇಕು. ಯಾರೂ ನೋಡದ ಮೈದಾನದಲ್ಲಿ ಇಪ್ಪತ್ನಾಲ್ಕು ಸುತ್ತು ಬಾಕಿ ಇಟ್ಟುಕೊಂಡು ಓಡುವವರ ಲೆಕ್ಕವೂ ಅದೇ ಇರಬೇಕು.

ಸಕ್ಕರೆ ಕಾಯಿಲೆಗೆ ದಿನಾ ಹತ್ತು ಸುತ್ತು ನಡೆಯಿರಿ ಎಂದು ಡಾಕ್ಟರು ನನಗೆ ಹೇಳಿ ಮೂರು ವರ್ಷವಾಯಿತು. ಇವತ್ತು ಬೆಳಿಗ್ಗೆ ಕೊನೆಗೂ ಶಾಲೆಯ ಮೈದಾನಕ್ಕೆ ಹೋದೆ. ಮಂಡಿ ಹಿಡಿದುಕೊಂಡು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೇಳಿದಳು, "ಎಷ್ಟು ಸುತ್ತು ಹಾಕಿದ್ರಿ?"

"ಲಾಭ" ಎಂದೆ.