ಅಕ್ಕಯಮ್ಮ ಒರೆಸಿದ ಸೊಪ್ಪು

ರೇಷ್ಮೆ ಹುಳುವಿನ ವಿಷಯದಲ್ಲಿ ದೇವರಾಯಸಮುದ್ರದ ಅಕ್ಕಯಮ್ಮನಿಗೆ ಬುದ್ಧಿ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. ಮೂವತ್ತು ವರ್ಷ ಹುಳು ಸಾಕಿದವಳು. ಚಪ್ಪಲಿ ಹಾಕಿಕೊಂಡು ಹುಳುಮನೆಗೆ ಕಾಲಿಟ್ಟ ಸ್ವಂತ ಬೀಗರನ್ನೇ ಅಂಗಳಕ್ಕೆ ಅಟ್ಟಿದವಳು. ಹೋದ ವರ್ಷ ಕೋಲಾರದ ಪ್ರಯೋಗಾಲಯವೊಂದು ಹುಳು ನೋಡಿಕೊಳ್ಳುವ ಕೆಲಸಕ್ಕೆ ಅವಳನ್ನು ಕರೆಸಿಕೊಂಡಿತು.

ಅಲ್ಲಿ ಮುಳಬಾಗಿಲಿನ ಸಬಾ ಎಂಬ ಹುಡುಗಿ ಮೂರು ವರ್ಷದಿಂದ ಹಾಲುತೊಂಡೆ ರೋಗದ ಬೆನ್ನು ಹತ್ತಿದ್ದಳು. ಹುಳುವಿನ ಮೈ ಊದಿಸಿ ಕೊಲ್ಲುವ ಈ ರೋಗಕ್ಕೆ ಒಂದು ವೈರಸ್ ಕಾರಣ. ಅದು ಜೀವಕೋಶದ ಬಾಗಿಲು ಒಡೆಯುವುದಿಲ್ಲ, ಹೊರಗಿನಿಂದ ತಟ್ಟುತ್ತದೆ. ಆಗ ಕೋಶದೊಳಗೆ ಒಂದು ಸಂಕೇತ ಓಡುತ್ತದೆ, ಕೋಶವೇ ವೈರಸ್ಸನ್ನು ಒಳಗೆಳೆದುಕೊಳ್ಳುತ್ತದೆ. ಆ ಸಂಕೇತವನ್ನೇ ತಡೆಯುವ ರಾಸಾಯನಿಕವೊಂದು ಸಬಾಳ ಕೈಗೆ ಸಿಕ್ಕಿತ್ತು. ಬಾಗಿಲು ಬಡಿದರೂ ಒಳಗಿನವರಿಗೆ ಕೇಳಿಸಬಾರದು, ಅಷ್ಟೇ ಎಂದು ಅವಳು ವಿವರಿಸಿದಾಗ ಅಕ್ಕಯಮ್ಮ ನಕ್ಕು, ತನ್ನ ನಾದಿನಿಯ ಮನೆಯೂ ಹಾಗೇ ಎಂದಳು.

ಗಾಜಿನ ತಟ್ಟೆಯ ಕೋಶಗಳಲ್ಲಿ ಗೆದ್ದ ಔಷಧ ಇನ್ನು ಜೀವಂತ ಹುಳುಗಳಲ್ಲಿ ಗೆಲ್ಲಬೇಕಿತ್ತು. ಮೊದಲ ದಿನ ಔಷಧದ ನೀರಿನಲ್ಲಿ ಅದ್ದಿದ ಹಿಪ್ಪುನೇರಳೆ ಸೊಪ್ಪು, ಮಾರನೆಯ ದಿನ ವೈರಸ್. ವಾರದೊಳಗೆ ಎಲ್ಲ ಹುಳುಗಳೂ ಊದಿ ಸತ್ತವು. ಸಬಾ ಊಟ ಬಿಟ್ಟಳು. ಔಷಧವನ್ನೇ ಕೈಬಿಡುವುದೆಂದು ವರದಿ ಬರೆಯಲು ಕೂತಳು.

ಅಕ್ಕಯಮ್ಮನಿಗೆ ಆಗ ತಾನು ಮಾಡಿದ್ದು ನೆನಪಾಯಿತು. ರೋಗ ತರುವ ಒದ್ದೆ ಸೊಪ್ಪನ್ನು ಹುಳುವಿಗೆ ಹಾಕುವುದುಂಟೇ? ಒಂದೊಂದು ಎಲೆಯನ್ನೂ ಬಟ್ಟೆಯಿಂದ ಒರೆಸಿಯೇ ಹಾಕಿದ್ದಳು. ಕೈ ತಾನಾಗಿ ಮಾಡಿದ ಕೆಲಸ. ಈಗ ಬಾಯಿಬಿಟ್ಟರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು, ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸಬಾಳ ಬಾಡಿದ ಮುಖ ನೋಡಲಾಗಲಿಲ್ಲ.

"ಅಮ್ಮಣ್ಣಿ, ಬರೀಬೇಡ. ಸೊಪ್ಪೆಲ್ಲಾ ನಾನೇ ಒರೆಸಿ ಹಾಕ್ಬಿಟ್ಟೆ. ನಿನ್ನ ಔಷಧಿ ಹುಳದ ಹೊಟ್ಟೆಗೆ ಹೋಗೇ ಇಲ್ಲ."

ಸಬಾ ಒಂದು ಗಳಿಗೆ ಕಣ್ಣು ಕೆಂಪಗೆ ಮಾಡಿಕೊಂಡು ನೋಡಿದಳು. ಆಮೇಲೆ ಬಿದ್ದು ಬಿದ್ದು ನಕ್ಕಳು.

ಮತ್ತೆ ಮೊದಲಿನಿಂದ ಶುರು. ಒದ್ದೆ ಸೊಪ್ಪು ಹಾಕಲು ಅಕ್ಕಯಮ್ಮ ಈಗಲೂ ಸುತರಾಂ ಒಪ್ಪಲಿಲ್ಲ, ಹಾಗಾಗಿ ಫ್ಯಾನಿನ ಕೆಳಗೆ ಹರಡಿ ಆರಿಸಿದರು. ಈ ಸಲ ಔಷಧ ತಿಂದ ನೂರು ಹುಳುಗಳಲ್ಲಿ ಅರವತ್ತೆರಡು ಗೂಡು ಕಟ್ಟಿದವು. ತಿನ್ನದ ನೂರರಲ್ಲಿ ನಾಲ್ಕೇ ನಾಲ್ಕು.

ಗೋಡೆಗೆ ಅಂಟಿಸಿದ ಕೆಲಸದ ಪಟ್ಟಿಯಲ್ಲಿ ಈಗ ಒಂದು ಸಾಲು ಹೆಚ್ಚಾಗಿದೆ: ಸೊಪ್ಪು ಒರೆಸಬಾರದು, ಆರಿಸಬೇಕು. ಪಕ್ಕದಲ್ಲಿ ಸಬಾ ಅಕ್ಕಯಮ್ಮನ ಹೆಸರನ್ನೂ ಬರೆದಿದ್ದಾಳೆ. ಹೊಸಬರು ಯಾರೇ ಬರಲಿ, ಅಕ್ಕಯಮ್ಮ ಅದನ್ನು ತೋರಿಸಿ ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುತ್ತಾಳೆ. ಅದಕ್ಕೂ ಮೊದಲು ಅವರ ಚಪ್ಪಲಿ ಬಿಡಿಸುತ್ತಾಳೆ.