ಒಂದೇ ಹೆಸರಿನ ಹಾಡುಗಳು

ತೂಬಗೆರೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಗಫಾರ್ ಸಾಬರಿಗೆ ಯಾರಾದರೂ ಹಾಡಿನ ಹೆಸರು ಹೇಳಿದರೆ ಎದೆ ಡವಗುಟ್ಟುತ್ತದೆ. "ಹಾಡಿನ ಹೆಸರಾ, ಪಿಚ್ಚರ್ ಹೆಸರಾ? ಸರಿಯಾಗಿ ಹೇಳಪ್ಪಾ," ಎಂದು ಪೀಡಿಸುತ್ತಾರೆ. ಒಮ್ಮೆ ಆರತಕ್ಷತೆಯಲ್ಲಿ ಯಾರೋ ಹಾಕಲು ಕೇಳಿದ ಪ್ರೇಮಗೀತೆಯ ಬದಲು ಅದೇ ಹೆಸರಿನ ಸಿನಿಮಾದ ಸಾವಿನ ಹಾಡು ಮೊಳಗಿ, ಮದುಮಗಳ ಅಜ್ಜಿ ಅತ್ತುಬಿಟ್ಟಿದ್ದಳು. ಅಂದಿನಿಂದ ಪ್ರತಿ ಹಾಡನ್ನೂ ಮೊದಲು ತಾವೇ ಕಿವಿಗಿಟ್ಟು ಕೇಳಿ, ಬೆವರು ಒರೆಸಿಕೊಂಡೇ ಹಾಕುತ್ತಾರೆ. ಮೊನ್ನೆ ಮುತ್ಯಾಲಮ್ಮನ ತಿಥಿಯಲ್ಲಿ ಮಗ ಭೀಮರಾಜ್ ತಾಯಿಗೆ ಇಷ್ಟವಾಗಿದ್ದ ಹಾಡಿನ ಹೆಸರು ಹೇಳಿದ. ಆ ಹೆಸರಿನ ಹಾಡುಗಳು ಹಲವಿದ್ದವು. ಯಾವುದೆಂದು ಅವನಿಗೂ ಗೊತ್ತಿರಲಿಲ್ಲ. ಸಾಬರು ಒಂದೊಂದನ್ನೇ ಮೆಲ್ಲಗೆ ಹಾಕುತ್ತ, ಮೂಲೆಯಲ್ಲಿ ಕೂತಿದ್ದ ಅವಳ ಗಂಡ ನರಸಿಂಹಯ್ಯನ ಮುಖವನ್ನೇ ನೋಡಿದರು. ಹೆಂಡತಿ ಹೋದಾಗಿನಿಂದ ಬಾಯಿ ಬಿಡದ ಮುದುಕ ಒಂದು ಹಾಡಿಗೆ ತಲೆಯೆತ್ತಿ, "ಇದೇ ಕಣೋ ಗಫಾರಾ, ನಿಲ್ಲಿಸ್ಬೇಡ," ಎಂದ.